ಪಾರ್ಕಿನ ಹಿಂದಿನ ಗೇಟ್ ಹತ್ತಿರದ ಕಸ: ಭಾನುವಾರ ಬೆಳಗ್ಗೆ ಯಾರು ಯಾರು ಬರುತ್ತೀರಿ?

ಮನೆ 14
ಎಲ್ಲರಿಗೂ ನಮಸ್ಕಾರ. ಹಿಂದಿನ ಗೇಟ್ ಪಕ್ಕದ ಮೂಲೆ ಮತ್ತೆ ತಿಪ್ಪೆ ಆಗಿದೆ. ಗುಡಿಸಿದ ತರಗೆಲೆಯನ್ನೆಲ್ಲ ತಂದು ಅಲ್ಲಿ ರಾಶಿ ಹಾಕುತ್ತಾರೆ. ರಾಶಿ ಕಂಡ ಕೂಡಲೇ ಯಾರೋ ಒಂದು ಕಸದ ಕವರ್ ಎಸೆಯುತ್ತಾರೆ. ಒಂದು ಬಿತ್ತು ಅಂದರೆ ಮುಗೀತು, ಕತ್ತಲಾಗುವುದರೊಳಗೆ ಸಾಲು ಸಾಲು. ಕೊನೆಗೆ ಬೆಂಕಿ. ನಿನ್ನೆ ರಾತ್ರಿ ಕಿಟಕಿ ಮುಚ್ಚಿದರೂ ಹೊಗೆ ಒಳಗೆ ಬರುತ್ತಿತ್ತು.

ದೂರು ಕೊಟ್ಟಾಯಿತು. ಬಂದು ಎತ್ತಿಕೊಂಡು ಹೋಗುತ್ತಾರೆ, ಮರುದಿನ ಅದೇ ಕಥೆ. ಬೋರ್ಡ್ ಹಾಕಿದೆವು, ಈಗ ಬೋರ್ಡಿನ ಬುಡದಲ್ಲೇ ಹಾಕುತ್ತಾರೆ.

ನನ್ನ ಸಲಹೆ ಇಷ್ಟು. ಭಾನುವಾರ ಬೆಳಗ್ಗೆ ದೊಡ್ಡವರು, ಮಕ್ಕಳು ಸೇರಿ ಆ ಜಾಗ ಚೊಕ್ಕ ಮಾಡೋಣ. ಆಮೇಲೆ ಅಲ್ಲೇ ಬಿದ್ದಿರುವ ಎಲೆ, ಕಡ್ಡಿ, ಕಲ್ಲು, ಒಣಗಿದ ಕಾಯಿಗಳನ್ನೇ ಜೋಡಿಸಿ ನೆಲದ ಮೇಲೆ ದೊಡ್ಡ ಚಿತ್ರ ಮಾಡೋಣ. ಜನ ಕೂತು ಕೆಲಸ ಮಾಡಿದ ಜಾಗ ಅಂತ ಗೊತ್ತಾದರೆ ಕವರ್ ಎಸೆಯಲು ಕೈ ಸ್ವಲ್ಪ ಹಿಂಜರಿಯುತ್ತದೆ.

ಮನೆ 8
ನಾನು ಡ್ಯೂಟಿಯಲ್ಲಿರುತ್ತೇನೆ. ಪೊರಕೆ, ಗುದ್ದಲಿ, ಎರಡು ಬುಟ್ಟಿ ಗೇಟಿನ ಹತ್ತಿರ ಇಟ್ಟು ಹೋಗುತ್ತೇನೆ.

ಮನೆ 31
ಐಡಿಯಾ ಚೆನ್ನಾಗಿದೆ ಮೇಡಂ. ಆದರೆ ಎಲೆ ಗಾಳಿಗೆ ಹಾರಿಹೋಗುತ್ತದೆ ಅಲ್ವಾ? ನಮ್ಮನೆಯಲ್ಲಿ ಪ್ಲಾಸ್ಟಿಕ್ ಬಾಟಲಿ ಬೇಕಾದಷ್ಟಿವೆ. ಕತ್ತರಿಸಿ, ಬಣ್ಣ ಬಳಿದು, ಹೂವಿನ ಹಾಗೆ ಮಾಡಿ ಬೇಲಿಗೆ ಕಟ್ಟಿದರೆ ಪರ್ಮನೆಂಟಾಗಿ ಇರುತ್ತದೆ. ಹಳೇ ಟೈರ್ ಕೂಡ ಸಿಗುತ್ತವೆ. ಚಂಡೀಗಢದ ರಾಕ್ ಗಾರ್ಡನ್ ನೋಡಿ. ನೇಕ್ ಚಂದ್ ಅಂತ ಒಬ್ಬ ರಸ್ತೆ ಇನ್‌ಸ್ಪೆಕ್ಟರ್ ಯಾರಿಗೂ ಹೇಳದೆ ಒಡೆದ ಬಳೆ, ಪಿಂಗಾಣಿ ಚೂರು ಸೇರಿಸಿ ಸಾಲು ಸಾಲು ಬೊಂಬೆ ಮಾಡಿದರು. 1976ರಲ್ಲಿ ಜನರಿಗೆ ತೆರೆದದ್ದು ಇವತ್ತಿಗೂ ಇದೆ.

ಮನೆ 5
ಕಸ ಹಾಕುವವರಿಗೆ ಚಿತ್ರ ತೋರಿಸಿದರೆ ನಾಚಿಕೆ ಬರುತ್ತದೆಯೇ? ಎಲೆ ಹಾಕಲು ಬೇರೆ ಜಾಗ ಕೊಡದೆ ಏನು ಮಾಡಿದರೂ ಅಷ್ಟೇ. ಗುಡಿಸುವವರು ಇನ್ನೆಲ್ಲಿ ಹಾಕಬೇಕು ಹೇಳಿ.

ಮನೆ 14
5ನೇ ಮನೆ ಅಂಕಲ್, ನೀವು ಹೇಳಿದ್ದು ಸರಿ. ಚಿತ್ರವೊಂದರಿಂದಲೇ ಆಗಲ್ಲ. ಒಂದು ಪಂಜರ ಬೇಕು. ಸೊಂಟದೆತ್ತರದ ತಂತಿ ಬಲೆಯನ್ನು ದುಂಡಗೆ ನಿಲ್ಲಿಸಿ ನಾಲ್ಕು ಗೂಟ ಹೊಡೆದರೆ ಸಾಕು. ತರಗೆಲೆ ಅದರೊಳಗೆ. ಆಗಾಗ ನೀರು ಚಿಮುಕಿಸುತ್ತಿದ್ದರೆ ಕೊಳೆತು ಗೊಬ್ಬರ ಆಗುತ್ತದೆ. ನಿಧಾನ, ಆರು ತಿಂಗಳಿಂದ ಒಂದು ವರ್ಷ ಬೇಕು, ದಪ್ಪ ಎಲೆಗೆ ಇನ್ನೂ ಜಾಸ್ತಿ. ಅಷ್ಟರಲ್ಲಿ ರಾಶಿ ತಾನೇ ಕುಗ್ಗುತ್ತಾ ಹೋಗುತ್ತದೆ, ಮೇಲೆ ಇನ್ನಷ್ಟು ತುಂಬಬಹುದು. ಆ ಬಲೆಯೇ ನಮ್ಮ ಮಗ್ಗ. ಹಳೇ ಹತ್ತಿ ಬಟ್ಟೆಯ ಪಟ್ಟಿ, ಸುತಳಿ, ಉದ್ದನೆಯ ಹುಲ್ಲು, ಬಳ್ಳಿ ತಂದು ಮಕ್ಕಳು ಅದರಲ್ಲಿ ನೇಯಲಿ. ಎಲೆ ಹಾಕುವ ಜಾಗ ಅಂತ ದೂರದಿಂದಲೇ ಗೊತ್ತಾಗಬೇಕು.

31ನೇ ಮನೆ ಸರ್, ಬಾಟಲಿ ಮಾತ್ರ ಬೇಡ ಅಂತ ನನ್ನ ಅಭಿಪ್ರಾಯ. ನೇಕ್ ಚಂದ್ ಅವರದ್ದು ಪಿಂಗಾಣಿ, ಗಾಜು, ಅದನ್ನು ಸಿಮೆಂಟಿನಲ್ಲಿ ಕೂರಿಸಿದ್ದು. ಬಿಸಿಲಿಗೆ ಅದಕ್ಕೇನೂ ಆಗಲ್ಲ. ಪ್ಲಾಸ್ಟಿಕ್ ಬಿಸಿಲಿಗೆ ಬಿರುಸಾಗಿ, ಮುಟ್ಟಿದರೆ ಚೂರು ಚೂರಾಗಿ ಮಣ್ಣಿಗೆ ಸೇರುತ್ತದೆ. ಬಣ್ಣವೂ ಸಿಪ್ಪೆ ಎದ್ದು ಬರುತ್ತದೆ. ಆಮೇಲೆ ಅದನ್ನು ಬೇಲಿಯಿಂದ ಬಿಚ್ಚುವವರು ಯಾರು? ಕಸ ತೆಗೆಯಲು ಹೋಗಿ ನಾವೇ ಕಸ ನೇತುಹಾಕಿದ ಹಾಗಾಗುತ್ತದೆ. ಮರುಬಳಕೆ ವಸ್ತು ಬೇಕೆಂದರೆ ರಟ್ಟು, ಗೋಣಿಚೀಲ, ಹಳೇ ಪೇಪರ್, ಒಡೆದ ಹೆಂಚು ಇವೆಯಲ್ಲ. ಬಾಟಲಿಯನ್ನು ಗುಜರಿಗೆ ಕೊಟ್ಟುಬಿಡೋಣ.

ಮನೆ 22
ಟೈರ್ ಖಂಡಿತ ಬೇಡ. ಒಳಗೆ ನೀರು ನಿಲ್ಲುತ್ತದೆ, ಎಷ್ಟು ಸುರಿದರೂ ಪೂರ್ತಿ ಹೋಗಲ್ಲ. ಡೆಂಗಿ ಸೊಳ್ಳೆಗೆ ಬಾಟಲಿ ಮುಚ್ಚಳದಷ್ಟು ನೀರಿದ್ದರೂ ಸಾಕು. ಮೊಟ್ಟೆಯಿಂದ ಸೊಳ್ಳೆ ಆಗಲು 8-10 ದಿನ, ಅಷ್ಟೇ.

ಮಕ್ಕಳ ವಿಷಯಕ್ಕೆ ಇನ್ನೆರಡು ಮಾತು. ಗುಲಗಂಜಿ ನೋಡಲು ಚಂದ, ಅಲಂಕಾರಕ್ಕೆ ಎಲ್ಲರೂ ಅದನ್ನೇ ಹುಡುಕುತ್ತಾರೆ. ಅದು ವಿಷ. ತೂತು ಕೊರೆದ ಅಥವಾ ಜಜ್ಜಿದ ಬೀಜ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಹರಳು ಬೀಜ, ಕಣಗಿಲೆಯೂ ಬೇಡ. ಪಾರ್ಥೇನಿಯಂ ಗಿಡ ಕಂಡರೆ ಮಕ್ಕಳು ಕೀಳುವುದು ಬೇಡ, ಮೈ ತುರಿಸುತ್ತದೆ. ದೊಡ್ಡವರು ಕೈಗವಸು ಹಾಕಿಕೊಂಡು ಮೊದಲೇ ತೆಗೆದುಬಿಡಲಿ. ಗಾಜಿನ ಚೂರನ್ನೂ ಅಷ್ಟೇ.

ಮನೆ 31
ಆಯಿತು, ಟೈರ್ ಕೈಬಿಟ್ಟೆ 😄 ಆದರೆ ಅಷ್ಟು ಹೊತ್ತು ಕಷ್ಟಪಟ್ಟು ಮಾಡಿದ್ದು ಎರಡು ದಿನಕ್ಕೆ ಹೋಗಿಬಿಟ್ಟರೆ ಮಕ್ಕಳಿಗೆ ಬೇಜಾರಾಗಲ್ವಾ?

ಮನೆ 40
ನಾನು ಚಿತ್ರಕಲೆ ಹೇಳಿಕೊಡುತ್ತೇನೆ, ಅದಕ್ಕೇ ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಮಕ್ಕಳಿಗೆ ಬೇಜಾರಾಗಲ್ಲ ಸರ್, ಅದು ನಮಗೆ. ಬ್ರಿಟನ್‌ನಲ್ಲಿ ಆಂಡಿ ಗೋಲ್ಡ್ಸ್‌ವರ್ದಿ ಅಂತ ಕಲಾವಿದರಿದ್ದಾರೆ. ಎಲೆ, ಮಂಜುಗಡ್ಡೆ, ಕಲ್ಲು ಜೋಡಿಸಿ, ಫೋಟೋ ತೆಗೆದು, ಅಲ್ಲೇ ಬಿಟ್ಟು ಬರುತ್ತಾರೆ. ಕರಗುವುದು, ಹಾರುವುದು ಎಲ್ಲ ಆ ಕೆಲಸದ ಭಾಗವೇ. ನಮಗಂತೂ ಹಾಳಾಗುವುದೇ ಅನುಕೂಲ. ಹಾಳಾದರೆ ತಾನೇ ಎರಡು ವಾರಕ್ಕೊಮ್ಮೆ ಮತ್ತೆ ಸೇರುವುದು? ಗೋಡೆಗೆ ಒಂದು ಸಲ ಚಿತ್ರ ಬರೆದು ಹೋದರೆ ಆಮೇಲೆ ಯಾರೂ ಆ ಕಡೆ ತಿರುಗಿ ನೋಡಲ್ಲ.

ಮಾಡುವ ರೀತಿ ಹೇಳುತ್ತೇನೆ. ಮೊದಲು ಎಲೆಗಳನ್ನು ಬಣ್ಣದ ಪ್ರಕಾರ ಬೇರೆ ಬೇರೆ ಗುಡ್ಡೆ ಮಾಡಿಸಿ. ಕಂದು ಅಂತ ನಾವು ಒಂದೇ ಮಾತಲ್ಲಿ ಹೇಳುವುದರಲ್ಲಿ ಮಕ್ಕಳು ಆರೇಳು ಥರ ಹುಡುಕುತ್ತಾರೆ. ಕಡು ಬಣ್ಣ ನಡುವೆ ಇಟ್ಟು, ತಿಳಿಯಾಗುತ್ತಾ ಹೊರಗೆ ಸುತ್ತು ಬರಲಿ. ಹಾರದಿರಲು ಒದ್ದೆ ಮಣ್ಣಿನ ತೆಳು ಪದರ ಮೊದಲೇ ಹಾಕಿ, ಎಲೆಯ ತೊಟ್ಟನ್ನು ಅದರಲ್ಲಿ ಚುಚ್ಚಿಸಿ.

ಬಟ್ಟೆ ಮೇಲೆ ಎಲೆಯ ಅಚ್ಚು ಬೇಕಾದರೆ ತರಗೆಲೆ ಆಗಲ್ಲ, ಅದರಲ್ಲಿ ರಸ ಇರಲ್ಲ. ಕಳೆ ಕಿತ್ತಾಗ ಸಿಗುವ ಹಸಿ ಎಲೆ ತೆಗೆದುಕೊಳ್ಳಿ. ಬಿಳಿ ಹತ್ತಿ ಬಟ್ಟೆ ಮಡಚಿ, ಎಲೆಯನ್ನು ಮಧ್ಯೆ ಇಟ್ಟು, ನುಣುಪು ಕಲ್ಲಿನಿಂದ ಅಂಚಿನಿಂದ ಶುರು ಮಾಡಿ ಮೆಲ್ಲಗೆ ಕುಟ್ಟಬೇಕು. ಜೋರಾಗಿ ಕುಟ್ಟಿದರೆ ಹಸಿರು ಮುದ್ದೆ ಆಗುತ್ತದೆ. ಸರಿಯಾಗಿ ಬಂದರೆ ಸಣ್ಣ ಸಣ್ಣ ನರ ಕೂಡ ಎದ್ದು ಕಾಣುತ್ತವೆ, ಎರಡೂ ಮಡಿಕೆಯಲ್ಲಿ ಒಂದೊಂದು ಎಲೆ.

ಬಣ್ಣಕ್ಕೆ ಕೆಮ್ಮಣ್ಣು, ಇದ್ದಿಲು, ಅರಿಶಿನ ಸಾಕು. ಮೈದಾ ಅಂಟು ಸೇರಿಸಿದರೆ ರಟ್ಟಿನ ಮೇಲೆ ನಿಲ್ಲುತ್ತದೆ. ಅರಿಶಿನಕ್ಕೆ ಸುಣ್ಣದ ನೀರು ಬಿದ್ದರೆ ಕೆಂಪಗಾಗುತ್ತದೆ, ಅದನ್ನು ನೋಡಲು ಮಕ್ಕಳು ಮುಗಿಬೀಳುತ್ತಾರೆ. ಸುಣ್ಣ ಮಾತ್ರ ದೊಡ್ಡವರ ಕೈಯಲ್ಲಿರಲಿ, ಕಣ್ಣಿಗೆ ಬಿದ್ದರೆ ಕಷ್ಟ. ಅರಿಶಿನದ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ. ಕೆಮ್ಮಣ್ಣು ಮಾಸಲ್ಲ, ಅದರಲ್ಲಿರುವುದು ಕಬ್ಬಿಣದ ತುಕ್ಕಿನ ಬಣ್ಣ.

ಮನೆ 5
ಮರಕ್ಕೆ ಮೊಳೆ ಹೊಡೆಯಬೇಡಿ. ತಂತಿ ಬಿಗಿಯಬೇಡಿ. ಗಿಡದಿಂದ ಹೂ ಕೀಳಬೇಡಿ. ಕೆಳಗೆ ಬಿದ್ದದ್ದು ಮಾತ್ರ.

ಮನೆ 40
ಸರಿ ಅಂಕಲ್. ಮರದ ಮೇಲೇನಾದರೂ ಬೇಕೆಂದರೆ ಜೇಡಿಮಣ್ಣಿನ ಮುಖ ಅಂಟಿಸೋಣ. ಕಣ್ಣಿಗೆ ಕಾಯಿ, ಮೀಸೆಗೆ ಹುಲ್ಲು. ಮಳೆ ಬಂದರೆ ತೊಳೆದುಹೋಗುತ್ತದೆ. ಇರುವೆ ಸಾಲು ಇರುವ ಮರ ಬಿಟ್ಟು.

ಮನೆ 17
ಗ್ಲಿಟರ್ ತರಬಹುದಾ? ಮಗಳು ಕೇಳುತ್ತಿದ್ದಾಳೆ.

ಮನೆ 22
ಅದೂ ಪ್ಲಾಸ್ಟಿಕ್ಕೇ ಮೇಡಂ. ಹಳೇ ಗ್ಲಿಟರ್ ಮನೆಯಲ್ಲೇ ಇರಲಿ.

ಮನೆ 14
ಹಾಗಾದರೆ ಹೀಗೆ ಮಾಡೋಣ. 7 ಗಂಟೆಗೆ ದೊಡ್ಡವರು ಬಂದು ಕಸ, ಗಾಜು, ಮುಳ್ಳು ತೆಗೆಯುವುದು. ಕವರ್‌ಗಳು ಎತ್ತುವ ಗಾಡಿಗೆ. 8ಕ್ಕೆ ಮಕ್ಕಳು. ಬಲೆ, ಗೂಟ 5ನೇ ಮನೆ ಅಂಕಲ್ ನೋಡಿಕೊಳ್ಳುತ್ತೀರಾ? ಗುಡಿಸುವ ಅಮ್ಮನ ಹತ್ತಿರ ನಾನೇ ಮೊದಲು ಮಾತಾಡುತ್ತೇನೆ. ಪಂಜರ ಅವರಿಗೆ ಕೈಗೆಟುಕುವ ಕಡೆ ಇರಬೇಕು, ನಮಗೆ ಚಂದ ಕಾಣುವ ಕಡೆ ಅಲ್ಲ. ಒಣಗಿ ಚದುರಿದ ಚಿತ್ರದ ಎಲೆ ಕೂಡ ಅದಕ್ಕೇ ಹೋಗಲಿ.

ದಿನಾ ಸಂಜೆ ಆ ಮೂಲೆ ಒಮ್ಮೆ ನೋಡಿ ಬರಲು ವಾರಕ್ಕೊಂದು ಮನೆ ಬೇಕು. ಹೆಸರು ಕೊಡಿ.

ಮನೆ 31
ಮೊದಲ ವಾರ ನಮ್ಮದು. ಬಾಟಲಿ ಗುಜರಿಗೆ ಹೋಗುವಾಗ ನಿಮ್ಮನೆಯದ್ದೂ ಇದ್ದರೆ ಹೇಳಿ.

ಮನೆ 5
ಬಲೆ ನನ್ನ ಹತ್ತಿರ ಇದೆ, ಸ್ವಲ್ಪ ತುಕ್ಕು ಹಿಡಿದಿದೆ, ನಡೆಯುತ್ತದೆ. ಚೂಪಾದ ತುದಿ ಮಡಚಿ ತರುತ್ತೇನೆ. ಪಾರ್ಕಿನ ನಲ್ಲಿ ಬೀಗದ ಕೀ ಯಾರ ಹತ್ತಿರ ಇದೆ?

ಮನೆ 17
ನಮ್ಮ ಹತ್ತಿರ. 7ಕ್ಕೆ ತೆಗೆದಿರುತ್ತೇನೆ. ಎರಡನೇ ವಾರಕ್ಕೆ ನಮ್ಮ ಮನೆ ಬರೆದುಕೊಳ್ಳಿ.