ಅಪ್‌ಡೇಟ್: ಆ್ಯಂಟಿಬಯಾಟಿಕ್‌ನಿಂದ ಅಮ್ಮನಿಗೆ ಆಗಿದ್ದ ಭೇದಿ ನಿಂತಿದೆ
ಹಲ್ಲಿನ ಸೋಂಕಿಗೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಆರಂಭಿಸಿದ ಮೂರನೆಯ ದಿನ ಅಮ್ಮನಿಗೆ ಭೇದಿ ಶುರುವಾಗಿ, ಏನು ಮಾಡಲೆಂದು ಕಳೆದ ವಾರ ಇಲ್ಲಿ ಕೇಳಿದ್ದೆ. ಮಾತ್ರೆಯನ್ನು ನಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ ಎಂದವರ ಸಲಹೆಯೇ ನಮ್ಮನ್ನು ಕಾಪಾಡಿತು. ವೈದ್ಯರು ಮಾತ್ರೆಯನ್ನು ಊಟದ ಆರಂಭದಲ್ಲೇ ನುಂಗಲು ಹೇಳಿದರು. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಕಾಯಿಸಿ ಆರಿಸಿದ ಅಷ್ಟೇ ನೀರಿನಲ್ಲಿ ಕರಗಿಸಿ, ಆಗಾಗ ಗುಟುಕು ಗುಟುಕಾಗಿ ಕುಡಿಸಿದೆವು. ಎರಡು ದಿನಗಳಲ್ಲಿ ಭೇದಿ ಹತೋಟಿಗೆ ಬಂತು. ಮಜ್ಜಿಗೆ ಅನ್ನ ಹಿತವಾಯಿತು, ಆದರೆ ಅದೊಂದರಿಂದಲೇ ಭೇದಿ ನಿಲ್ಲಲಿಲ್ಲ. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಕೊಡುವುದನ್ನು ವೈದ್ಯರು ಸ್ಪಷ್ಟವಾಗಿ ತಡೆದರು, ಏಕೆಂದರೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಕರುಳಿನಲ್ಲಿ ಸೋಂಕಾಗಿದ್ದರೆ ಆ ಮಾತ್ರೆ ಅಪಾಯಕಾರಿಯಾಗಬಹುದು. ನನಗೆ ಅಚ್ಚರಿ ತಂದದ್ದೆಂದರೆ, ಔಷಧ ಮುಗಿದು ವಾರಗಳು ಕಳೆದ ಮೇಲೂ ಈ ಸೋಂಕು ಕಾಣಿಸಿಕೊಳ್ಳಬಹುದು. ಜ್ವರ, ತೀವ್ರ ಹೊಟ್ಟೆನೋವು ಅಥವಾ ಮಲದಲ್ಲಿ ರಕ್ತ ಕಂಡರೆ ದಯವಿಟ್ಟು ತಡಮಾಡದೆ ವೈದ್ಯರನ್ನು ಕಾಣಿರಿ.