ಐರಿಶ್ ಹುಡುಗರ ಯುದ್ಧದ ಕಾದಂಬರಿ: ಬ್ಯಾರಿ ತಗೊಳ್ಳಲಾ, ಜಾನ್‌ಸ್ಟನ್ ತಗೊಳ್ಳಲಾ?

ಹೊಸಓದುಗ: ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಸೇರಿದ ಐರಿಶ್ ಹುಡುಗರ ಕತೆ ಓದಬೇಕು. ಸೆಬಾಸ್ಟಿಯನ್ ಬ್ಯಾರಿಯ ‘ಎ ಲಾಂಗ್ ಲಾಂಗ್ ವೇ’, ಜೆನಿಫರ್ ಜಾನ್‌ಸ್ಟನ್ ಅವರ ‘ಹೌ ಮೆನಿ ಮೈಲ್ಸ್ ಟು ಬ್ಯಾಬಿಲಾನ್?’, ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದೆ. ಬಸ್ಸಲ್ಲಿ ಓದೋಕೆ, ಜಾಸ್ತಿ ದಪ್ಪ ಬೇಡ.

ಕಾಫಿಪುಡಿ: ನಾನು ಬ್ಯಾರಿ ಕಡೆ. ಹಳೇ ಪುಸ್ತಕದಂಗಡಿಯಲ್ಲಿ 180 ಕೊಟ್ಟು ತಂದೆ. ಮನೆಗೆ ಬಂದು ನೋಡಿದರೆ 16 ಪುಟ ಇಲ್ಲ, ಅದೂ ಬ್ರಿಟಿಷರ ವಿರುದ್ಧ ಐರಿಶರು ಎದ್ದ ಡಬ್ಲಿನ್ ದಂಗೆಯ ಭಾಗದಲ್ಲೇ! ವಾಪಸ್ ಕೊಡಲು ಹೋದರೆ ‘ನೋಡ್ಕೊಂಡು ತಗೋಬೇಕಿತ್ತು’ ಅಂದರು. ಆಟೋಗೆ 140 ದಂಡ. ಹೊಸದು 599, ಕೊರಿಯರ್ 60. ಒಟ್ಟು 979. ಆದರೂ ಬೇಜಾರಿಲ್ಲ. 1916ರ ಏಪ್ರಿಲ್, ರಜೆ ಮುಗಿಸಿ ಯುದ್ಧಕ್ಕೆ ಹೊರಟ ಕಥಾನಾಯಕ ವಿಲ್ಲಿ ಡನ್‌ನನ್ನು ಡಬ್ಲಿನ್ ಬೀದಿಯಲ್ಲೇ ಕಾದಾಡಲು ಬಿಡುತ್ತಾರೆ. ಅವನ ಕಣ್ಣೆದುರು ಸಾಯುವ ದಂಗೆಕೋರ ಹುಡುಗನೂ ಐರಿಶ್. ಆ ರಕ್ತ ವಿಲ್ಲಿಯ ಸಮವಸ್ತ್ರಕ್ಕೆ ಅಂಟುತ್ತದೆ. ಅದೇ ವಾರ ಫ್ರಾನ್ಸಿನಲ್ಲಿ ಜರ್ಮನ್ನರು ಬ್ರಿಟಿಷ್ ಸೈನ್ಯದ 16ನೇ ಐರಿಶ್ ಡಿವಿಷನ್ ಮೇಲೆ ವಿಷಾನಿಲ ಬಿಟ್ಟಿದ್ದರು. ವಿಲ್ಲಿಯ ಅಪ್ಪ ಪೊಲೀಸ್ ಅಧಿಕಾರಿ. ಅವನಿಗೂ ಮಗ ಅರ್ಥವಾಗಲ್ಲ.

ಶಾರದಕ್ಕ: ಜಾನ್‌ಸ್ಟನ್ ಮೂರು ಸಲ ಕೊಂಡಿದ್ದೇನೆ. ಮೊದಲನೆಯದು ನಾದಿನಿ ಒಯ್ದವಳು ಕೊಡಲೇ ಇಲ್ಲ, ಎರಡನೆಯದನ್ನು ಗೆದ್ದಲು ತಿಂತು. ತೆಳು ಪುಸ್ತಕ, 1974ರದ್ದು. ಅಲೆಕ್ ಜಮೀನ್ದಾರರ ಮಗ, ಜೆರ್ರಿ ಕುದುರೆ ನೋಡಿಕೊಳ್ಳುವ ಹುಡುಗ. ಸೈನ್ಯದಲ್ಲಿ ಒಬ್ಬ ಆಫೀಸರ್, ಇನ್ನೊಬ್ಬ ಸಿಪಾಯಿ. ಇಬ್ಬರು ಹರಟಿದರೂ ತಪ್ಪು! ಅಲೆಕ್ ಕೊನೆಗೆ ಮರಣದಂಡನೆಗೆ ಕಾಯುತ್ತಾ ಕೂತಿರುತ್ತಾನೆ.

ಕಾಫಿಪುಡಿ: ಅಕ್ಕಾ, ಕೊನೆ ಹೇಳಿಬಿಟ್ರಲ್ಲ!

ಶಾರದಕ್ಕ: ಕತೆ ಶುರುವಾಗೋದೇ ಅಲ್ಲಿಂದ ಕಣಪ್ಪ. ಓದದೇ ಮಾತಾಡಬೇಡ.

ಮಂಡ್ಯದವ: ಬ್ರಿಟಿಷರ ಸಂಬಳ ತಿಂದವರಿಗೆ ಇಷ್ಟು ಕಣ್ಣೀರಾ? ಊರಲ್ಲಿ ದಂಗೆ ಎದ್ದವರನ್ನು ಗುಂಡಿಟ್ಟು ಕೊಂದರು. ಇವರು ಅದೇ ದೊರೆಗೆ ಸಲಾಮು ಹೊಡೆದರು.

ಹೈಫಾ1918: ಸ್ವಲ್ಪ ನಿಲ್ಲಿ ಸ್ವಾಮಿ. ನಮ್ಮ ಮುತ್ತಾತ ಅದೇ ಯುದ್ಧದಲ್ಲಿ ಬ್ರಿಟಿಷರ ಪರ ಕಾದಾಡಿದ ಮೈಸೂರು ಸಂಸ್ಥಾನದ ಕುದುರೆಪಡೆ, ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದವರು. ಅವರೂ ದ್ರೋಹಿನಾ? 1914ರ ಸೆಪ್ಟೆಂಬರ್‌ನಲ್ಲಿ ಐರ್ಲೆಂಡಿಗೆ ಸ್ವಂತ ಆಡಳಿತ ಕೊಡುವ ‘ಹೋಂ ರೂಲ್’ ಕಾಯ್ದೆ ಆಯಿತು, ಯುದ್ಧ ಮುಗಿಯುವವರೆಗೆ ಅಂತ ತಡೆಹಿಡಿದರು. ಎರಡೇ ದಿನಕ್ಕೆ ಐರಿಶರ ನಾಯಕ ಜಾನ್ ರೆಡ್ಮಂಡ್ ತಾನೇ ನಿಂತು ಹುಡುಗರನ್ನು ಯುದ್ಧಕ್ಕೆ ಕರೆದ. ನಂಬಿ ಹೋದರು. ಮನೆಯಲ್ಲಿ ಹಸಿವೂ ಇತ್ತು.

ಮಂಡ್ಯದವ: ಹಾಗಾದರೆ ಜೇಮ್ಸ್ ಡೇಲಿ? ಬ್ರಿಟಿಷ್ ಸೈನ್ಯದ ಐರಿಶ್ ರೆಜಿಮೆಂಟ್ ಕನಾಟ್ ರೇಂಜರ್ಸ್, 1920, ಜಲಂಧರ್ ಮತ್ತು ಸೋಲನ್. ಐರ್ಲೆಂಡಿನಲ್ಲಿ ಬ್ರಿಟಿಷ್ ಪಡೆ ಮಾಡುತ್ತಿದ್ದ ಅನ್ಯಾಯ ಕೇಳಿ ಬಂದೂಕು ಕೆಳಗಿಟ್ಟರು. 20 ವರ್ಷದ ಡೇಲಿಯನ್ನು ನವೆಂಬರ್ 2ರಂದು ಸೋಲನ್ ಹತ್ತಿರದ ದಗ್ಶಾಯಿ ಜೈಲಲ್ಲಿ ಗುಂಡಿಟ್ಟು ಕೊಂದರು. ನಾನೇ ಹೋಗಿ ನೋಡಿ ಬಂದಿದ್ದೇನೆ, ಈಗ ಮ್ಯೂಸಿಯಂ. ರೈಲು ಒಂಬತ್ತು ಗಂಟೆ ತಡ, ಟ್ಯಾಕ್ಸಿಯವನು 2,200 ಕಿತ್ತ, ಹೆಂಡತಿ ಎರಡು ದಿನ ಮಾತು ಬಿಟ್ಟಳು.

ಹೈಫಾ1918: ಡೇಲಿಯೂ ಮೊದಲು ಅದೇ ಸಂಬಳ ತಿಂದವನೇ ಅಲ್ವಾ?

ಹೊಸಓದುಗ: ಯಾವುದು ತೆಳು ಅಂದ್ರಿ?

ಶಾರದಕ್ಕ: ಕಾಫಿಪುಡಿ, 979ರಲ್ಲಿ ಆಟೋ ಯಾಕೆ ಸೇರಿಸಿದೆ? ಬಸ್ಸಿರಲಿಲ್ವಾ?

ಕಾಫಿಪುಡಿ: ಮಳೆ ಬರ್ತಿತ್ತು ಅಕ್ಕಾ.