ನಾಲ್ಕನೇ ತರಗತಿಯಲ್ಲಿ ಮೂವರಿಗೆ ಗುಳ್ಳೆ: ಶಾಲೆ ಮುಚ್ಚಬೇಕಾ?

ಪ್ರಶ್ನೆ (ಮುಖ್ಯ ಶಿಕ್ಷಕ, ಸುರಪುರ ತಾಲ್ಲೂಕು)
ನಮ್ಮ ಸರ್ಕಾರಿ ಶಾಲೆಯ 4ನೇ ತರಗತಿಯ ಮೂರು ಮಕ್ಕಳಿಗೆ ಈ ವಾರ ಜ್ವರ, ಮೈತುಂಬ ನೀರುಗುಳ್ಳೆ. ಮನೆಯವರು ‘ಅಮ್ಮ ಬಂದಾಳ’ ಅಂತ ಬೇವಿನ ತಪ್ಪಲ ಕಟ್ಟಿದ್ದಾರೆ, ದವಾಖಾನೆಗೆ ಹೋಗಿಲ್ಲ. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) 14 ದಿನ ಶಾಲೆಗೆ ಬೀಗ ಹಾಕ್ರಿ ಅನ್ನುತ್ತಿದ್ದಾರೆ. ಇಡೀ ತರಗತಿಯನ್ನು ಮನೆಗೆ ಕಳಿಸಬೇಕಾ, ಮೂವರನ್ನಷ್ಟೇ ಸಾಕಾ? ಒಬ್ಬ ಮೇಡಂ ಗರ್ಭಿಣಿ ಇದ್ದಾರೆ.

ಉತ್ತರ (ಆರೋಗ್ಯ ನಿರೀಕ್ಷಕ, ಕಲಬುರಗಿ)
ಬೀಗ ಬ್ಯಾಡ್ರಿ ಸರ್. 14 ದಿನ ಅನ್ನೋದು ಕೋವಿಡ್ ಲೆಕ್ಕ. 2020ರ ಮಾರ್ಚ್‌ದಾಗ ದೇಶದ ಮೊದಲ ಕೋವಿಡ್ ಸಾವು ಕಲಬುರಗ್ಯಾಗೇ ಆಯ್ತಲ್ಲ, ಆವಾಗಿಂದ ನಮ್ಮ ಮಂದಿಗಿ ಎಲ್ಲಾ ರೋಗಕ್ಕೂ ಅದೇ ಸಂಖ್ಯೆ.

ನೀರುಗುಳ್ಳೆ ಅಂದ್ರ ಬಹುತೇಕ ಸೀತಾಳೆ ಸಿಡುಬು. ಎದಿ, ಬೆನ್ನಿನ ಮ್ಯಾಲ ನೋಡ್ರಿ: ಒಣಗಿದ್ದು, ನೀರು ತುಂಬಿದ್ದು, ಹೊಸಾದು ಎಲ್ಲಾ ಒಟ್ಟಿಗೇ ಕಾಣಸ್ತಾವ. ಇದು ಗುಳ್ಳೆ ಏಳೋಕಿಂತ 1-2 ದಿನ ಮೊದಲೇ ಹರಡ್ತದ. ಬಾಜೂಕ ಕುಂತ ಹುಡುಗ್ರಿಗಿ ತಗಲೋದು ಆಗಲೇ ತಗಲಿರ್ತದ. ಅವರಿಗಿ ಹೊರಗ ಕಾಣೋದು 10ರಿಂದ 21 ದಿನದೊಳಗ. ನೀವು 14 ದಿನ ಮುಚ್ಚಿ ತೆರೆಯೋ ಹೊತ್ತಿಗೇ ಎರಡನೇ ಸುತ್ತು ಎದ್ದಿರ್ತದ! ನಡುವ ಅವೇ ಹುಡುಗ್ರು ಗುಡಿ ಕಟ್ಟಿ ಮ್ಯಾಲ ಕೂಡಿ ಆಡ್ತಾವ, ಬಿಸಿಯೂಟನೂ ತಪ್ಪತದ.

ಮೂವರಷ್ಟೇ ಮನ್ಯಾಗಿರಲಿ. ಕಡೇ ಗುಳ್ಳೆ ಒಣಗಿ ಹಕ್ಕಳೆ ಕಟ್ಟೋತನಕ, ಸಾಮಾನ್ಯವಾಗಿ 5ರಿಂದ 7 ದಿನ. ಹಕ್ಕಳೆ ಉದುರೋತನಕ ಕಾಯೋದು ಬೇಕಿಲ್ಲ, ಅದರಿಂದ ಹರಡಲ್ಲ. ಆದ್ರ ಏಳನೇ ದಿನ ಒಂದು ಹೊಸಾ ಗುಳ್ಳೆ ಕಂಡ್ರೂ ಕರೀಬ್ಯಾಡ್ರಿ. ಕ್ಯಾಲೆಂಡರ್ ಬ್ಯಾಡ, ಮೈ ನೋಡ್ರಿ. ಬಾಗಿಲ ಮುಂದ ಬ್ಲೀಚಿಂಗ್ ಪೌಡರ್ ಗೆರೆ ಎಳೆಯೋದು ತೋರಿಕೆಗಷ್ಟೇ, ಕಿಟಕಿ ತೆರೀರಿ.

ಉತ್ತರ (ವೈದ್ಯೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಬೀದರ್ ಜಿಲ್ಲೆ)
ಇದು ದಡಾರ (ನಮ್ಮ ಕಡೆ ಗೊಬ್ಬರ ಅನ್ನುವ ರೋಗ) ಅಲ್ಲ ಅಂತ ಮೊದಲು ಖಚಿತವಾಗಬೇಕು. ಗೊಬ್ಬರದಲ್ಲಿ ಮೂರ್ನಾಲ್ಕು ದಿನ ಜೋರು ಜ್ವರ, ಕೆಮ್ಮು, ನೆಗಡಿ, ಕೆಂಪು ಕಣ್ಣು ಬಂದು, ಆಮೇಲೆ ಕಿವಿಯ ಹಿಂದೆ, ಮುಖದ ಮೇಲೆ ನೀರಿಲ್ಲದ ಕೆಂಪು ದದ್ದು ಶುರುವಾಗಿ ಕೆಳಗಿಳಿಯುತ್ತದೆ. ಹಾಗಿದ್ದರೆ ಅಂದೇ ಆಶಾ ಅಥವಾ ಎಎನ್‌ಎಂಗೆ (ಊರಿನ ಆರೋಗ್ಯ ಸಹಾಯಕಿ) ಫೋನ್ ಮಾಡಿ. ರಕ್ತದ ಮಾದರಿ ತೆಗೆಯಬೇಕು, ಐಎಚ್‌ಐಪಿಯಲ್ಲಿ (ಸರ್ಕಾರದ ಆನ್‌ಲೈನ್ ರೋಗ ದಾಖಲೆ ವ್ಯವಸ್ಥೆ) ದಾಖಲಾಗಬೇಕು. ದದ್ದು ಎದ್ದ ಮೇಲೆ 4 ದಿನ ಮಗು ಮನೆಯಲ್ಲಿರಬೇಕು, ವಿಟಮಿನ್ ಎ 2 ಲಕ್ಷ ಯೂನಿಟ್ ಇವತ್ತೊಂದು, ನಾಳೆಯೊಂದು ಡೋಸ್. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲೂ ವೈರಸ್ 2 ತಾಸು ಉಳಿಯುತ್ತದೆ. ಮುಂಬೈ, ಪುಣೆಗೆ ಗುಳೆ ಹೋಗಿ ಬಂದ ಕುಟುಂಬಗಳ ಮಕ್ಕಳ ಲಸಿಕೆ ಬರೆದಿರುವ ‘ತಾಯಿ ಕಾರ್ಡ್’ ಮೊದಲು ನೋಡಿ; ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ಎರಡನೇ ಡೋಸ್ ತಪ್ಪುವುದು ಅಲ್ಲೇ.

ಸೀತಾಳೆ ಸಿಡುಬೇ ಆದರೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್ ಕೊಡಲೇಬಾರದು, ಮಿದುಳು ಮತ್ತು ಯಕೃತ್ತಿಗೆ ಅಪಾಯ. ಐಬುಪ್ರೊಫೇನ್ ಕೂಡ ಬೇಡ. ಬೇವಿನ ತಪ್ಪಲ ಇರಲಿ ಬಿಡಿ, ಅದಕ್ಕಾಗಿ ಜಗಳವಾಡಿದರೆ ಮುಂದಿನ ಮನೆಯವರು ರೋಗವನ್ನೇ ಮುಚ್ಚಿಡುತ್ತಾರೆ.

ಮೇಡಂಗೆ ಚಿಕ್ಕಂದಿನಲ್ಲಿ ಸಿಡುಬು ಬಂದಿದ್ದರೆ ಭಯವಿಲ್ಲ. ಗೊತ್ತಿಲ್ಲದಿದ್ದರೆ ಇವತ್ತೇ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ ಐಜಿಜಿ ರಕ್ತ ಪರೀಕ್ಷೆ (ಸಿಡುಬಿನ ವಿರುದ್ಧ ರಕ್ಷಣೆ ಮೈಯಲ್ಲಿದೆಯೇ ಅಂತ ತಿಳಿಯಲು) ಮಾಡಿಸಲಿ. ರಕ್ಷಣೆಯ ಚುಚ್ಚುಮದ್ದು ಬೇಕಾದರೆ ಸಂಪರ್ಕದಿಂದ 10 ದಿನದೊಳಗೆ ಆಗಬೇಕು, ಬೇಗ ಆದಷ್ಟು ಒಳ್ಳೆಯದು. ಸ್ಟೀರಾಯ್ಡ್ ತೆಗೆದುಕೊಳ್ಳುವ ಮಗು ತರಗತಿಯಲ್ಲಿದ್ದರೂ ಪೋಷಕರಿಗೆ ಹೇಳಿ.

ಪ್ರಶ್ನೆ ಕೇಳಿದವರು
ಒಬ್ಬನ ತಮ್ಮ 2ನೇ ತರಗತಿಯಲ್ಲಿದ್ದಾನೆ, ಆರಾಮಿದ್ದಾನೆ. ಅವನನ್ನೂ ತಡೀಬೇಕಾ?

ಉತ್ತರ (ಆರೋಗ್ಯ ನಿರೀಕ್ಷಕ, ಕಲಬುರಗಿ)
ಬ್ಯಾಡ್ರಿ, ಬರ್ಲಿ. ಅಣ್ಣಗ ಎದ್ದ ದಿನದಿಂದ 21 ದಿನ, ದಿನಾ ಮುಂಜಾನಿ ಪ್ರಾರ್ಥನಿ ಹೊತ್ತಿಗಿ ಹಣಿ ಮುಟ್ಟಿ, ಅಂಗಿ ಎತ್ತಿ ಬೆನ್ನು ನೋಡ್ರಿ. ಒಂದು ಗುಳ್ಳೆ ಕಂಡ್ರೂ ವಾಪಸ್ ಕಳಸ್ರಿ. ಒಂದು ಹಾಳಿ ಮ್ಯಾಲ ಹೆಸರು, ತರಗತಿ, ಗುಳ್ಳೆ ಎದ್ದ ತಾರೀಖು, ಶಾಲಿಗಿ ಬಂದ ಕಡೇ ದಿನ ಬರದು ಎಎನ್‌ಎಂ ಅವರಿಗಿ ಕೊಡ್ರಿ. ಎಸ್‌ಡಿಎಂಸಿ ಕೇಳಿದ್ರ ಅದನ್ನೇ ತೋರಸ್ರಿ, ಆದ್ರ ಹುಡುಗ್ರ ಹೆಸರು ವಾಟ್ಸ್ಆ್ಯಪ್ ಗ್ರೂಪಿಗಿ ಹಾಕಬ್ಯಾಡ್ರಿ.

ಉತ್ತರ (ನಿಲಯ ಪಾಲಕಿ, ವಸತಿ ಶಾಲೆ, ಯಾದಗಿರಿ ಜಿಲ್ಲೆ)
ಹಾಸ್ಟೆಲ್ ಇರುವವರಿಗೆ ಒಂದು ಮಾತು. ಗುಳ್ಳೆ ಎದ್ದ ಹುಡುಗಿಯನ್ನು ತುಂಬಿದ ಬಸ್ಸಿನಲ್ಲಿ ಊರಿಗೆ ಕಳಿಸಬೇಡಿ. ಕಿಟಕಿ ಇರುವ ಬೇರೆ ಕೋಣೆ, ಬೇರೆ ಟವೆಲ್, ಉಗುರು ಕತ್ತರಿಸಬೇಕು. ಊಟ ಕೊಂಡೊಯ್ಯುವವರು ಮೊದಲೇ ಸಿಡುಬು ಬಂದು ಹೋದವರಾಗಿರಲಿ. ಜ್ವರ ನಾಲ್ಕು ದಿನ ಇಳಿಯದಿದ್ದರೆ, ಉಸಿರಾಟ ಜೋರಾದರೆ, ಮಂಪರು ಬಂದರೆ ಜಿಲ್ಲಾಸ್ಪತ್ರೆಗೆ 108 ಕರೆಯಿರಿ.